ನಡೆಯುವುದು ಎರಡು ಕಿಲೋಮೀಟರ್, ದಾಟುವುದು ಮೂರು ಕಡೆ: ತುಮಕೂರಿನ ಒಂದು ಪ್ರಕರಣ

ಈ ಪ್ರಕರಣದಲ್ಲಿ ಅಪಘಾತ ಆಗಿಲ್ಲ. ಯಾರ ಕಾಲೂ ಮುರಿದಿಲ್ಲ. ಪೊಲೀಸ್ ಠಾಣೆಯಲ್ಲಿ ದೂರು ಇಲ್ಲ, ಆಸ್ಪತ್ರೆಯಲ್ಲಿ ಚೀಟಿ ಇಲ್ಲ. ಹಾಗಾಗಿ ಯಾವ ಸರ್ಕಾರಿ ಲೆಕ್ಕಕ್ಕೂ ಇದು ಸೇರುವುದಿಲ್ಲ. ಆಗಿರುವುದು ಇಷ್ಟೇ. ನಮ್ಮ ಬೀದಿಯ ಒಬ್ಬ ಹೆಂಗಸು ಎಷ್ಟೋ ವರ್ಷದಿಂದ ನಡೆದುಕೊಂಡೇ ಹೋಗಿ ಮಾಡುತ್ತಿದ್ದ ಸಂಜೆ ಕೆಲಸವನ್ನು ಬಿಟ್ಟರು. ದೂರ ಜಾಸ್ತಿ ಅಂತಲ್ಲ, ಸಂಬಳ ಕಡಿಮೆ ಅಂತಲ್ಲ. ಕತ್ತಲಾದ ಮೇಲೆ ರಸ್ತೆ ದಾಟಲು ಆಗದೆ ಬಿಟ್ಟರು.

ನಾನು ಸಿವಿಲ್ ಡಿಪ್ಲೊಮಾ ಓದಿದವನು. ಕೆಲವು ವರ್ಷ ರಸ್ತೆ ಗುತ್ತಿಗೆದಾರರ ಹತ್ತಿರ ಸೈಟ್ ಸೂಪರ್‌ವೈಸರ್ ಆಗಿದ್ದೆ. ಫುಟ್‌ಪಾತ್ ಹೇಗೆ ಕಟ್ಟುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ, ಯಾಕೆ ನಿಲ್ಲಿಸುತ್ತಾರೆ ಅನ್ನುವುದು ಒಳಗಿನಿಂದ ಗೊತ್ತು. ಈ ಪ್ರಕರಣದಲ್ಲಿ ಆ ತಿಳಿವಳಿಕೆ ಉಪಯೋಗಕ್ಕೆ ಬಂತು. ಆದರೆ ಅದಕ್ಕಿಂತ ಜಾಸ್ತಿ ಕಲಿತದ್ದು ಆ ಹೆಂಗಸಿನ ಜೊತೆ ಅವರ ದಾರಿಯಲ್ಲೇ, ಅವರ ಹೊತ್ತಿಗೇ ನಡೆದು.

ಯಾರು, ಎಲ್ಲಿಂದ ಎಲ್ಲಿಗೆ

ಅವರಿಗೆ ಐವತ್ತು ದಾಟಿದೆ. ಬೀದಿಯಲ್ಲಿ ಎಲ್ಲರೂ ಅಕ್ಕ ಅನ್ನುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ. ಬೇರೆಯವರ ಮನೆಗಳಲ್ಲಿ ಅಡುಗೆ ಕೆಲಸ. ಬೆಳಿಗ್ಗೆ ಎರಡು ಮನೆ, ಸಂಜೆ ಒಂದು ಮನೆ. ಗಂಡ ಮಂಡಿಯಲ್ಲಿ ಹಮಾಲಿ, ಸೈಕಲ್‌ನಲ್ಲಿ ಹೋಗುತ್ತಾರೆ. ಮಗ ಪೀಣ್ಯದ ಒಂದು ಕಾರ್ಖಾನೆಗೆ ಬೆಳಗಿನ ರೈಲು ಹಿಡಿದು ಹೋದರೆ ಬರುವುದು ರಾತ್ರಿಗೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಕಾರು ಬಿಡಿ, ಸ್ಕೂಟರ್ ಕೂಡ ಇಲ್ಲ.

ಮನೆ ಇರುವುದು ರೈಲ್ವೆ ಹಳಿಯ ದಕ್ಷಿಣಕ್ಕೆ. ಕೆಲಸದ ಮನೆಗಳು ಬಿ.ಎಚ್. ರಸ್ತೆಯ ಆಚೆ. ತುಮಕೂರು ನೋಡಿದವರಿಗೆ ಇಷ್ಟು ಹೇಳಿದರೆ ಸಾಕು, ಮಿಕ್ಕಿದ್ದು ಅರ್ಥ ಆಗುತ್ತದೆ. ನೋಡದವರಿಗೆ ಸ್ವಲ್ಪ ವಿವರ. ಬಿ.ಎಚ್. ರಸ್ತೆ ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಬೆಂಗಳೂರು–ಪುಣೆ ಹೆದ್ದಾರಿ ಬೈಪಾಸ್ ಹಿಡಿದು ಊರ ಹೊರಗೇ ಹೋಗುತ್ತದೆ. ಆದರೆ ಗುಬ್ಬಿ, ತಿಪಟೂರು, ಅರಸೀಕೆರೆ ಕಡೆಯ ಗಾಡಿಗಳಿಗೆ ಊರೊಳಗಿನ ಬಿ.ಎಚ್. ರಸ್ತೆಯೇ ದಾರಿ. ವಿಶ್ವವಿದ್ಯಾಲಯ, ಜಿಲ್ಲಾ ಆಸ್ಪತ್ರೆ, ಸಿದ್ಧಗಂಗಾ ತಾಂತ್ರಿಕ ಕಾಲೇಜು ಎಲ್ಲಾ ಇದೇ ರಸ್ತೆಯಲ್ಲಿವೆ. ಅತ್ತ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ. ರಸ್ತೆ ಮತ್ತು ಹಳಿ ಎರಡೂ ಸೇರಿ ಊರನ್ನು ಉದ್ದಕ್ಕೆ ಸೀಳಿವೆ. ಹಳಿಯ ಆಚೆ ಮನೆ ಮಾಡಿದವರು ಕೆಲಸಕ್ಕೆ, ಆಸ್ಪತ್ರೆಗೆ, ಬಸ್ ಸ್ಟ್ಯಾಂಡಿಗೆ ಹೋಗಬೇಕಾದರೆ ಎರಡನ್ನೂ ದಾಟಲೇಬೇಕು. ಶೆಟ್ಟಿಹಳ್ಳಿ, ಉಪ್ಪಾರಹಳ್ಳಿ ಕಡೆಯವರಿಗೆ ಇದು ಹೊಸ ಮಾತಲ್ಲ.

ಮನೆಯಿಂದ ಕೆಲಸಕ್ಕೆ ಸುಮಾರು 2 ಕಿಲೋಮೀಟರ್. ಮಾಮೂಲಿ ನಡಿಗೆಯಲ್ಲಿ ಅರ್ಧ ಗಂಟೆ ಸಾಕು. ಅಕ್ಕನಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅವರ ನಡಿಗೆ ನಿಧಾನ ಅಲ್ಲ. ಬೆಳಿಗ್ಗೆ ಅವರ ಜೊತೆ ಹೆಜ್ಜೆ ಹಾಕಲು ನನಗೇ ಕಷ್ಟ ಆಗುತ್ತಿತ್ತು. ಮಿಕ್ಕ ಕಾಲು ಗಂಟೆ ಹೋಗುವುದು ನಿಂತು ಕಾಯುವುದರಲ್ಲಿ, ಸುತ್ತು ಹಾಕುವುದರಲ್ಲಿ. ಈ ದಾರಿಯಲ್ಲಿ ಏನು ಕಷ್ಟ ಅಂತ ಮೊದಲ ದಿನ ಕೇಳಿದ್ದಕ್ಕೆ ಅಕ್ಕ ಹೇಳಿದ್ದು ಇಷ್ಟು: "ನಡೆಯಾಕೇನಪ್ಪ, ಬುದ್ಧಿ ಬಂದಾಗಿಂದ ನಡೀತಾನೇ ಇದೀನಿ. ದಾಟಾದೇ ಆಗಲ್ಲ."

ಇಡೀ ಪ್ರಕರಣ ಆ ಒಂದು ಮಾತಿನಲ್ಲಿದೆ. ತುಮಕೂರಿನಷ್ಟು ಊರಲ್ಲಿ ದೂರ ದೊಡ್ಡ ವಿಷಯ ಅಲ್ಲ. 2011ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ ಸುಮಾರು 3 ಲಕ್ಷ. ಈ ಕೊನೆಯಿಂದ ಆ ಕೊನೆಗೆ ನಡೆದೇ ಬದುಕು ಸಾಗಿಸುವವರು ಇವತ್ತಿಗೂ ಬೇಕಾದಷ್ಟು ಜನ ಇದ್ದಾರೆ. ದೇಶದ ಲೆಕ್ಕವೂ ಹಾಗೇ ಇದೆ. ಅದೇ ಜನಗಣತಿಯಲ್ಲಿ, ಹೊಲದ ಕೆಲಸ ಮತ್ತು ಮನೆಯಲ್ಲೇ ನಡೆಸುವ ಕಸುಬು ಬಿಟ್ಟು ಬೇರೆ ದುಡಿಮೆ ಮಾಡುವವರಲ್ಲಿ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ಇವರನ್ನು ತಡೆಯುವುದು ಕಿಲೋಮೀಟರ್‌ಗಳಲ್ಲ. ಮಧ್ಯೆ ಮಧ್ಯೆ ಬರುವ ಕೆಲವೇ ಮೀಟರ್‌ಗಳ ಜಾಗಗಳು.

ಮೊದಲ ಜಾಗ: ಹಳಿಯ ಕೆಳಗೆ

ಹಿಂದೆ ರೈಲ್ವೆ ಗೇಟು ಇತ್ತು. ಗೇಟು ಹಾಕಿದಾಗ ಎಲ್ಲರೂ ಕಾಯಬೇಕಿತ್ತು. ಕಾರಿನವರೂ ಕಾಯುತ್ತಿದ್ದರು, ನಡೆಯುವವರೂ ಕಾಯುತ್ತಿದ್ದರು. ಅಂಡರ್‌ಪಾಸ್ ಆದ ಮೇಲೆ ಗಾಡಿಗಳಿಗೆ ಕಾಯುವುದು ತಪ್ಪಿತು. ನಡೆಯುವವರಿಗೆ ಮಾತ್ರ ಮಟ್ಟಸವಾಗಿದ್ದ ದಾರಿ ಹೋಗಿ ಇಳಿಜಾರು, ಏರು, ಕತ್ತಲು ಬಂತು. ಗಾಡಿ ಹೋಗುವ ಅಗಲದಲ್ಲೇ ಗೋಡೆಗೆ ಅಂಟಿಕೊಂಡು ನಡೆಯಬೇಕು. ಪಕ್ಕದಲ್ಲಿ ಆಟೋ ಹೋದರೆ ಸೀರೆಯ ಸೆರಗು ಕೈಯಲ್ಲಿ ಹಿಡಿದುಕೊಳ್ಳಬೇಕು.

ಮಳೆ ಬಂದರೆ ನೀರು. ಅದೂ ಯಾಕೆ ಅಂತ ಬರೆಯುತ್ತೇನೆ, ಯಾಕೆಂದರೆ ಇದನ್ನು ಜನ ಬರೀ ಕಳಪೆ ಕಾಮಗಾರಿ ಅಂದುಕೊಂಡಿದ್ದಾರೆ. ಅಂಡರ್‌ಪಾಸಿನ ತಳ ಸುತ್ತಲಿನ ನೆಲಕ್ಕಿಂತ ಎಷ್ಟೋ ಅಡಿ ಕೆಳಗಿರುತ್ತದೆ. ಸುತ್ತಲಿನ ಚರಂಡಿ ಅದಕ್ಕಿಂತ ಮೇಲಿರುತ್ತದೆ. ನೀರು ತಾನಾಗೇ ಹರಿದು ಹೋಗಲು ದಾರಿ ಇಲ್ಲ. ಒಂದು ಗುಂಡಿ ತೋಡಿ, ಅಲ್ಲಿಗೆ ನೀರು ಇಳಿಸಿ, ಪಂಪು ಹಾಕಿ ಎತ್ತಬೇಕು. ಜೋರು ಮಳೆಯಲ್ಲಿ ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಪಂಪು ಅತಿ ಬೇಕಾಗುವ ಹೊತ್ತೂ ಅದೇ. ಮೇಲಿನ ಬೀದಿಗಳ ಪ್ಲಾಸ್ಟಿಕ್ ಬಂದು ಜಾಲರಿಗೆ ಕಟ್ಟಿಕೊಂಡರೆ ಪಂಪು ಇದ್ದೂ ಪ್ರಯೋಜನ ಇಲ್ಲ. ತುಮಕೂರಿನಲ್ಲಿ ಜೋರು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಮಳೆ ಶುರುವಾಗುವುದು ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ. ಅಕ್ಕ ಸಂಜೆ ಕೆಲಸಕ್ಕೆ ಹೊರಡುವ ಹೊತ್ತೇ ಅದು.

ಆಗ ಉಳಿಯುವ ದಾರಿ ಎರಡು. ಮೊಣಕಾಲಿನವರೆಗೆ ನೀರಿನಲ್ಲಿ ಇಳಿಯಬೇಕು, ಇಲ್ಲ ಹಳಿ ಹತ್ತಿ ದಾಟಬೇಕು. ಹಳಿ ದಾಟುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕಾನೂನಿಗಿಂತ ದೊಡ್ಡ ಅಪಾಯ ಬೇರೆ ಇದೆ. ಈಗ ಇಲ್ಲಿ ಜೋಡಿ ಹಳಿ. ಒಂದು ರೈಲು ಹೋಯಿತು ಅಂತ ಕಾಲಿಟ್ಟರೆ ಅದರ ಮರೆಯಿಂದಲೇ ಇನ್ನೊಂದು ಬರುತ್ತದೆ. ಮೊದಲ ರೈಲಿನ ಸದ್ದಿನಲ್ಲಿ ಎರಡನೆಯದು ಕೇಳಿಸುವುದಿಲ್ಲ. ನೀರು ತುಂಬಿದ ಸಂಜೆ ತರಕಾರಿ ಚೀಲ ಹಿಡಿದ ಹೆಂಗಸರು, ಶಾಲೆ ಮಕ್ಕಳು ಇದೇ ದಾರಿ ಹಿಡಿಯುವುದನ್ನು ನೋಡಿದ್ದೇನೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕೆಳಗಿನ ದಾರಿ ಮುಚ್ಚಿಹೋದಾಗ ಇನ್ನೆಲ್ಲಿ ಹೋಗಬೇಕು ಅವರು?

ಎರಡನೇ ಜಾಗ: ಫುಟ್‌ಪಾತ್

ಅಂಡರ್‌ಪಾಸಿನಿಂದ ಬಿ.ಎಚ್. ರಸ್ತೆವರೆಗಿನ ಬೀದಿಯಲ್ಲಿ ಫುಟ್‌ಪಾತ್ ಇದೆ. ಆದರೂ ಅಕ್ಕ ಅದರ ಮೇಲೆ ನಡೆಯುವುದಿಲ್ಲ. ಅವರೊಬ್ಬರೇ ಅಲ್ಲ, ಅಲ್ಲಿ ಯಾರೂ ನಡೆಯುವುದಿಲ್ಲ. ಗಾಡಿಯಲ್ಲಿ ಹೋಗುವವರಿಗೆ ಇದನ್ನು ನೋಡಿದರೆ ಸಿಟ್ಟು ಬರುತ್ತದೆ: "ಫುಟ್‌ಪಾತ್ ಬಿಟ್ಟು ರೋಡಲ್ಲಿ ಯಾಕಮ್ಮ ನಡೀತೀಯ?"

ಯಾಕೆ ಅಂತ ಟೇಪು ಹಿಡಿದು ನೋಡಿದೆ. ಹಲವು ಕಡೆ ರಸ್ತೆಯಿಂದ ಫುಟ್‌ಪಾತ್‌ಗೆ ಒಂದು ಅಡಿಗಿಂತ ಜಾಸ್ತಿ ಎತ್ತರ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೊರತಂದ ಪಾದಚಾರಿ ಮಾರ್ಗಸೂಚಿ, ಅಂದರೆ ಐಆರ್‌ಸಿ 103, ಹೇಳುವುದು 15 ಸೆಂಟಿಮೀಟರ್‌ಗಿಂತ ಎತ್ತರ ಬೇಡ ಅಂತ. ಅಡ್ಡಿ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು ಅಂತಲೂ ಹೇಳುತ್ತದೆ. ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಕೆಳಗಿಳಿಯದೆ ದಾಟಿಹೋಗುವಷ್ಟು.

ಎತ್ತರ ಜಾಸ್ತಿ ಆಗಲು ಕಾರಣ ಇದೆ. ನಮ್ಮ ಊರುಗಳಲ್ಲಿ ಫುಟ್‌ಪಾತ್ ಅನ್ನುವುದು ಬಹುತೇಕ ಚರಂಡಿಯ ಮುಚ್ಚಳ. ಮೊದಲು ಚರಂಡಿ ಕಟ್ಟುತ್ತಾರೆ. ಅದರ ಗೋಡೆ ಎಷ್ಟು ಎತ್ತರ ಬರಬೇಕು ಅನ್ನುವುದನ್ನು ನೀರಿನ ಇಳಿಜಾರು ನಿರ್ಧರಿಸುತ್ತದೆ. ಆಮೇಲೆ ಮೇಲೆ ಚಪ್ಪಡಿ ಇಡುತ್ತಾರೆ. ಆ ಚಪ್ಪಡಿಯೇ ಫುಟ್‌ಪಾತ್. ನಡೆಯುವವರ ಕಾಲು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಹೂಳು ತೆಗೆಯಲು ಚಪ್ಪಡಿ ಎತ್ತಿದವರು ವಾಪಸ್ ಇಡುವಾಗ ಸರಿಯಾಗಿ ಕೂರಿಸುವುದಿಲ್ಲ, ಕಾಲಿಟ್ಟರೆ ಅಲುಗಾಡುತ್ತದೆ. ಒಂದೊಂದು ಕಡೆ ಚಪ್ಪಡಿಯೇ ಇಲ್ಲ. ಪ್ರತಿ ಮನೆಯ ಗೇಟಿನ ಮುಂದೆ ಕಾರು ಹತ್ತಲು ಸಿಮೆಂಟಿನ ಇಳಿಜಾರು ಮಾಡಿಕೊಂಡಿರುತ್ತಾರೆ. ನಡೆಯುವವರು ಹತ್ತಿ ಇಳಿದು, ಹತ್ತಿ ಇಳಿದು ಹೋಗಬೇಕು. ಮೊಣಕಾಲು ನೋವಿದ್ದವರಿಗೆ ಇದು ಆಗದ ಮಾತು. ಇದಲ್ಲದೆ ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆ, ಫ್ಲೆಕ್ಸ್ ಕಂಬ, ಅಂಗಡಿ ಮೆಟ್ಟಿಲು.

ಗುತ್ತಿಗೆಯ ಒಳಗಿನ ಇನ್ನೊಂದು ಸಂಗತಿ. ಫುಟ್‌ಪಾತ್ ಕೆಲಸಕ್ಕೆ ಬಿಲ್ ಆಗುವುದು ಇಷ್ಟು ರನ್ನಿಂಗ್ ಮೀಟರ್ ಅಂತ. ಉದ್ದಕ್ಕೆ ಹಾಕಿದ ಚಪ್ಪಡಿಗೆ ದುಡ್ಡು ಬೇಗ ಬರುತ್ತದೆ. ತಿರುವಿನಲ್ಲಿ ಇಳಿಜಾರು ಮಾಡುವುದು, ಕಂಬ ಸರಿಸುವುದು, ಒಂದು ಬೀದಿಯ ಫುಟ್‌ಪಾತನ್ನು ಇನ್ನೊಂದಕ್ಕೆ ಸೇರಿಸುವುದು ಚಿಲ್ಲರೆ ಕೆಲಸ. ಅದರಲ್ಲಿ ತಲೆನೋವು ಜಾಸ್ತಿ, ಬಿಲ್ ಕಡಿಮೆ. ಹಾಗಾಗಿ ಅದು ಕೊನೆಗೆ ಉಳಿಯುತ್ತದೆ, ಎಷ್ಟೋ ಸಲ ಉಳಿದೇ ಹೋಗುತ್ತದೆ. ಒಂದು ಪ್ಯಾಕೇಜ್ ಮುಗಿದ ಜಾಗಕ್ಕೂ ಇನ್ನೊಂದು ಶುರುವಾಗುವ ಜಾಗಕ್ಕೂ ನಡುವೆ ಹತ್ತಿಪ್ಪತ್ತು ಅಡಿ ಯಾರಿಗೂ ಸೇರದೆ ಇರುತ್ತದೆ. ನಡೆಯುವವರು ರಸ್ತೆಗೆ ಇಳಿಯುವುದು ಅಲ್ಲೇ. ಒಮ್ಮೆ ಇಳಿದವರು ಮತ್ತೆ ಒಂದಡಿ ಎತ್ತರ ಹತ್ತುವುದಿಲ್ಲ. ಹಾಗಾಗಿ ಹತ್ತು ಅಡಿ ಬಿಟ್ಟುಹೋದರೆ ಆ ಬೀದಿಯ ಇಡೀ ಫುಟ್‌ಪಾತ್ ಹಾಳಾದಂತೆ.

ಒಳ್ಳೆಯದನ್ನೂ ಹೇಳಬೇಕು. 2016ರ ಸೆಪ್ಟೆಂಬರ್‌ನಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಕಾಮಗಾರಿಯಲ್ಲಿ ಕೆಲವು ರಸ್ತೆಗಳಿಗೆ ಅಗಲವಾದ, ಮಟ್ಟಸವಾದ ಫುಟ್‌ಪಾತ್ ಬಂದಿದೆ. ಅಂಥ ಕಡೆ ಬಂದಾಗ ಅಕ್ಕ ತಾನಾಗೇ ಮೇಲೆ ಹತ್ತುತ್ತಾರೆ. ಯಾರೂ ಹೇಳಬೇಕಿಲ್ಲ. ಫುಟ್‌ಪಾತ್ ಸರಿಯಾಗಿದ್ದರೆ ಜನ ಬಳಸುತ್ತಾರೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ತಳ್ಳುಗಾಡಿಯವರ ಬಗ್ಗೆ ಒಂದು ಮಾತು. ಫುಟ್‌ಪಾತ್ ಅಂದ ಕೂಡಲೇ ಎಲ್ಲರೂ ಮೊದಲು ಬೆರಳು ತೋರಿಸುವುದು ಅವರ ಕಡೆ. ಅಕ್ಕ ಹೇಳಿದ್ದು ಬೇರೆ: "ಹೂವಿನವರು, ಪಾನಿಪುರಿಯವರು ಇರೋ ಕಡೆಯಿಂದ ಹೋದ್ರೆ ಧೈರ್ಯ ಕಣಪ್ಪ. ಬೆಳಕಿರ್ತದೆ, ಜನ ಇರ್ತಾರೆ." ಕತ್ತಲಾದ ಮೇಲೆ ಅವರು ಬೇಕಂತಲೇ ಆ ಬದಿಯಲ್ಲಿ ಬರುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಹೇಳುವುದೂ ಜಾಗ ಗುರುತಿಸಿ ಕೊಡಿ ಅಂತ, ಸುಮ್ನೆ ಎಬ್ಬಿಸಿ ಕಳಿಸಿ ಅಂತಲ್ಲ. ನಾನು ಕಂಡಂತೆ ಈ ಬೀದಿಯಲ್ಲಿ ಫುಟ್‌ಪಾತ್ ನುಂಗಿರುವುದು ಮುಖ್ಯವಾಗಿ ನಿಲ್ಲಿಸಿದ ಬೈಕು, ಕಾರು. ತಳ್ಳುಗಾಡಿ ಒಂದು ಕಡೆ ನಿಂತರೆ ಪಕ್ಕದಲ್ಲಿ ಹೋಗಬಹುದು. ಸಾಲಾಗಿ ನಿಂತ ಬೈಕುಗಳ ಮಧ್ಯೆ ತೂರಲು ಆಗುವುದಿಲ್ಲ.

ಮೂರನೇ ಜಾಗ: ಬಿ.ಎಚ್. ರಸ್ತೆ

ಅಕ್ಕ ಕೆಲಸ ಬಿಡಲು ಕಾರಣ ಈ ಜಾಗ.

ರಸ್ತೆಯ ನಡುವೆ ಡಿವೈಡರ್ ಇದೆ. ದಾಟಲು ಸಿಗ್ನಲ್ ಇರುವ ಸರ್ಕಲ್‌ಗೆ ಹೋಗಬೇಕು, ಇಲ್ಲ ಡಿವೈಡರ್‌ನಲ್ಲಿ ಸಂದಿ ಇರುವ ಕಡೆ ದಾಟಬೇಕು. ಸರ್ಕಲ್‌ಗೆ ಹೋಗಿ ಬರುವುದೆಂದರೆ ದೊಡ್ಡ ಸುತ್ತು. ಸಂದಿ ಇರುವುದು ಅವರು ದಿನಾ ಬಂದು ಸೇರುವ ಜಾಗದಲ್ಲೇ. ಬೆಳಿಗ್ಗೆ ಆರೂವರೆಗೆ ಗಾಡಿ ಕಡಿಮೆ, ಸುಲಭವಾಗಿ ದಾಟುತ್ತಾರೆ. ಸಂಜೆ ಹೋಗುವಾಗಲೂ ಹೇಗೋ ಆಗುತ್ತದೆ, ಬೆಳಕಿರುತ್ತದೆ. ಎಂಟರ ಸುಮಾರಿಗೆ ವಾಪಸ್ ಬರುವಾಗ ಆಗುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಡಿವೈಡರ್‌ವರೆಗೆ ಒಂದು ಬದಿಯ ಅಗಲ 10 ಮೀಟರ್ ಅಂತಿಟ್ಟುಕೊಳ್ಳಿ. ದಿನವಿಡೀ ದುಡಿದ ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಚೀಲ. ಸೆಕೆಂಡಿಗೆ 1 ಮೀಟರ್ ನಡೆದರೆ 10 ಸೆಕೆಂಡ್ ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ ಆ 10 ಸೆಕೆಂಡಿನಲ್ಲಿ ಸುಮಾರು 140 ಮೀಟರ್ ಬಂದುಬಿಡುತ್ತದೆ. ಅಂದರೆ ಕಾಲಿಡುವ ಮೊದಲು 140 ಮೀಟರ್ ದೂರದವರೆಗೆ ಖಾಲಿ ಇದೆ ಅಂತ ಖಾತ್ರಿ ಆಗಬೇಕು. ಹಗಲಲ್ಲಿ ಕಣ್ಣು ಅಂದಾಜು ಮಾಡುತ್ತದೆ. ರಾತ್ರಿ ಕಾಣುವುದು ಬರೀ ಹೆಡ್‌ಲೈಟು. ಲೈಟು ನೋಡಿ ದೂರ ಎಷ್ಟು, ವೇಗ ಎಷ್ಟು ಅಂತ ಹೇಳುವುದು ಯಾರಿಗೂ ಸುಲಭ ಅಲ್ಲ. ಒಂದೇ ಲೈಟು ಉರಿಯುವ ಟೆಂಪೋ ದೂರದಿಂದ ಬೈಕ್ ಹಾಗೆ ಕಾಣುತ್ತದೆ. ಲೈಟೇ ಹಾಕದೆ ಎದುರು ದಿಕ್ಕಿನಲ್ಲಿ ಬರುವ ಬೈಕು ಲೆಕ್ಕಕ್ಕೇ ಸಿಗುವುದಿಲ್ಲ.

ಹೇಗೋ ಅರ್ಧ ದಾಟಿದರು ಅಂತಿಟ್ಟುಕೊಳ್ಳಿ. ಡಿವೈಡರ್ ಸಂದಿಯಲ್ಲಿ ನಿಲ್ಲಬೇಕು. ಅದು ನಡೆಯುವವರು ನಿಲ್ಲಲಿ ಅಂತ ಬಿಟ್ಟ ಜಾಗ ಅಲ್ಲ. ಬೈಕುಗಳೂ ಅಲ್ಲೇ ತಿರುಗಿಸುತ್ತವೆ. ಹಿಂದೆ ಬಸ್ಸು, ಮುಂದೆ ಬಸ್ಸು, ಕಾಲ ಹತ್ತಿರ ಬೈಕಿನ ಚಕ್ರ. "ಅಲ್ಲಿ ನಿಂತಾಗ ಎದೆ ಹೊಡ್ಕೊಳ್ತದೆ," ಅಂದರು ಅಕ್ಕ. ನಾನೂ ಅವರ ಪಕ್ಕ ನಿಂತೆ. ಬಸ್ಸು ಹೋದಾಗ ಗಾಳಿಗೆ ಮೈ ಹಿಂದಕ್ಕೆ ವಾಲುತ್ತದೆ.

ಗಾಡಿಗಳು ಸ್ವಲ್ಪ ನಿಧಾನ ಬಂದರೂ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಕೊಡುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಬದಲು 65ರಲ್ಲಿ ಬರುವ ಕಾರಿನ ಮುಂಭಾಗ ಬಡಿದರೆ ನಡೆಯುವವರು ಸಾಯುವ ಅಪಾಯ ನಾಲ್ಕೂವರೆ ಪಟ್ಟು ಆಗುತ್ತದೆ. ಅವಸರದಲ್ಲಿರುವ ಚಾಲಕರಿಗೆ 15 ಕಿಲೋಮೀಟರ್ ಗೊತ್ತೇ ಆಗುವುದಿಲ್ಲ.

ಹಾಗಾದರೆ ಸುತ್ತಾದರೂ ಸಿಗ್ನಲ್‌ನಲ್ಲೇ ದಾಟಬಹುದಲ್ಲ ಅಂತ ಕೇಳಬಹುದು. ಅಕ್ಕ ಕೆಲವು ದಿನ ಹಾಗೂ ಮಾಡಿದರು. ಅಲ್ಲಿ ಫ್ರೀ ಲೆಫ್ಟ್ ಗಾಡಿಗಳು ಯಾವ ದೀಪಕ್ಕೂ ನಿಲ್ಲುವುದಿಲ್ಲ. ಝೀಬ್ರಾ ಪಟ್ಟೆಯ ಮೇಲೆ ಗಾಡಿಗಳೇ ನಿಂತಿರುತ್ತವೆ. 2017ರ ವಾಹನ ಚಾಲನಾ ನಿಯಮಗಳಲ್ಲಿ ಝೀಬ್ರಾದಲ್ಲಿ ದಾಟುವವರಿಗೆ ದಾರಿ ಬಿಡಬೇಕು ಅಂತ ಇದೆ. ಅದು ಲೈಸೆನ್ಸ್ ಇರುವವರಲ್ಲಿ ಎಷ್ಟು ಜನಕ್ಕೆ ಗೊತ್ತು? ಸಿಗ್ನಲ್‌ನಲ್ಲಿ ನಡೆಯುವವರಿಗೆ ಕೊಡುವ ಸಮಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ನಡಿಗೆಯ ಲೆಕ್ಕದಲ್ಲಿ ಇಡುತ್ತಾರೆ. 20 ಮೀಟರ್ ರಸ್ತೆಗೆ ಅದು 17 ಸೆಕೆಂಡ್. ವಯಸ್ಸಾದವರು 0.8ರಲ್ಲಿ ನಡೆದರೆ 25 ಸೆಕೆಂಡ್ ಬೇಕು. ಆ 8 ಸೆಕೆಂಡಿನಲ್ಲಿ ಅವರು ರಸ್ತೆಯ ಮಧ್ಯದಲ್ಲಿರುತ್ತಾರೆ, ಗಾಡಿಗಳು ಹೊರಟಿರುತ್ತವೆ.

ಅತ್ತೆಯ ಕಣ್ಣು

ಅಕ್ಕನ ಕಷ್ಟ ಒಂದು ಅಂದರೆ ಅವರ ಅತ್ತೆಯದು ಇನ್ನೊಂದು. ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಒಂದು ಕಣ್ಣಿಗೆ ಪಟ್ಟಿ. ಒಂದೇ ಕಣ್ಣಲ್ಲಿ ನೋಡುವಾಗ ಮೆಟ್ಟಿಲು ಎಷ್ಟು ಆಳ, ಗಾಡಿ ಎಷ್ಟು ಹತ್ತಿರ ಅಂತ ಅಂದಾಜು ಸಿಗುವುದಿಲ್ಲ. ಮಾರನೇ ದಿನ ತೋರಿಸಲು ಆಟೋದಲ್ಲಿ ಹೋದರು. ಹೋಗಿ ಬರಲು ನೂರು ರೂಪಾಯಿ ಮೇಲಾಗುತ್ತದೆ. ಒಂದು ಮನೆಯ ಅಡುಗೆಗೆ ಅಕ್ಕನಿಗೆ ದಿನಕ್ಕೆ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ. ವಾಪಸ್ ಬರುವಾಗ ಆಟೋದವರು ಅಷ್ಟು ಹತ್ತಿರಕ್ಕೆ ಬರುವುದಿಲ್ಲ ಅಂದರು. ಅತ್ತೆಯೇ "ನಡ್ಕೊಂಡ್ ಹೋಗಣ ನಡಿ, ಎಷ್ಟ್ ದೂರ ಮಹಾ" ಅಂದರಂತೆ.

ದೂರ ನಿಜಕ್ಕೂ ಏನಿರಲಿಲ್ಲ. ಬಿ.ಎಚ್. ರಸ್ತೆಯಲ್ಲಿ ಕಾಲೇಜು ಹುಡುಗರು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿ ದಾಟಿಸಿದರು. ಈಚೆ ಬಂದ ಮೇಲೆ ಮಗ್ಗುಲಲ್ಲಿ ಗಾಡಿಗಳ ಓಡಾಟ ಅಂತ ಅಕ್ಕ ಅವರನ್ನು ಫುಟ್‌ಪಾತ್ ಮೇಲೆ ಹತ್ತಿಸಿದರು. ಸ್ವಲ್ಪ ದೂರಕ್ಕೆ ಚಪ್ಪಡಿ ಇಲ್ಲ. ಇಳಿಯಬೇಕು. ಅತ್ತೆಗೆ ಕೆಳಗಿನ ನೆಲ ಎಲ್ಲಿದೆ ಅಂತ ಕಾಣಲಿಲ್ಲ. ಕೊನೆಗೆ ಚಪ್ಪಡಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಸೊಸೆಯ ಭುಜ ಹಿಡಿದು ಜಾರಿಕೊಂಡು ಇಳಿದರು. ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು.

ಅದಾದ ಮೇಲೆ ಅತ್ತೆ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಕಣ್ಣು ಚೆನ್ನಾಗೇ ಕಾಣುತ್ತಿದೆ ಅಂತ ಹೇಳಿಬಿಟ್ಟರು. ಮುಂದಿನ ತಪಾಸಣೆ ತಡವಾಗಿ, ಮಗನಿಗೆ ರಜೆ ಇದ್ದ ದಿನ ಆಯಿತು. ಕಣ್ಣಿಗೆ ತೊಂದರೆ ಆಗಲಿಲ್ಲ, ಅದು ದೇವರ ದಯೆ. ಇನ್ನೊಂದು ಕಣ್ಣಿನ ಆಪರೇಷನ್ ಮಾತು ಬಂದಾಗೆಲ್ಲ ಅವರು ಈಗಲೂ ಮುಂದೂಡುತ್ತಾರೆ. ಭಯ ಆಪರೇಷನ್‌ದಲ್ಲ.

ಜನ ಹೇಳುವ ಪರಿಹಾರಗಳು

ಸ್ಕೂಟಿ ಕಲಿಯಿರಿ ಅಂತ ಹೇಳುವವರು ಬೇಕಾದಷ್ಟು ಜನ. ಸಾಲ ಮಾಡಿ ಸ್ಕೂಟಿ ತಂದರೂ ಅತ್ತೆ ಅದರ ಹಿಂದೆ ಕೂರಲಾರರು. ಊರಲ್ಲಿ ನಡೆಯಲು ಆಗುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಬಡವರು ಸಾಲ ಮಾಡಿ ಗಾಡಿ ತರಬೇಕು ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ಬಸ್ಸು ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದುಡ್ಡು ಇಲ್ಲ. ಅಕ್ಕ ಈಗ ದೇವರಾಯನದುರ್ಗ, ತವರೂರು ಅಂತ ಮೊದಲಿಗಿಂತ ಜಾಸ್ತಿ ಓಡಾಡುತ್ತಾರೆ, ಅದು ದೊಡ್ಡ ಬದಲಾವಣೆ. ಆದರೆ ಬಸ್ಸು ಹತ್ತುವವರೂ ಸ್ಟಾಪಿನವರೆಗೆ ನಡೆಯುವವರೇ. ಹೋಗುವ ಬಸ್ಸು ಈ ಬದಿಯಲ್ಲಿ ಸಿಕ್ಕಿದರೆ ಬರುವ ಬಸ್ಸು ಇಳಿಸುವುದು ಆ ಬದಿಯಲ್ಲಿ. ಅದೇ ರಸ್ತೆ, ಅದೇ ಡಿವೈಡರ್.

ಸ್ಕೈವಾಕ್ ಕಟ್ಟಿಸಿ ಅನ್ನುವುದು ಇನ್ನೊಂದು. ಅಡಿಯಲ್ಲಿ ಬಸ್ಸು, ಲಾರಿ ಹೋಗಲು 5.5 ಮೀಟರ್ ಬಿಡಬೇಕು. ಮೇಲಿನ ನೆಲ 6 ಮೀಟರ್ ದಾಟುತ್ತದೆ. 15 ಸೆಂಟಿಮೀಟರ್ ಮೆಟ್ಟಿಲು ಅಂದರೆ ಹತ್ತಲು 40, ಇಳಿಯಲು 40. ಲಿಫ್ಟ್ ಇಟ್ಟರೆ ಅದನ್ನು ದಿನಾ ನಡೆಸುವವರು ಬೇಕು. ಗಾಡಿಗಳು ಒಂದು ನಿಮಿಷ ನಿಲ್ಲುವುದನ್ನು ತಪ್ಪಿಸಲು ಮೊಣಕಾಲು ನೋವಿನವರು 80 ಮೆಟ್ಟಿಲು ತುಳಿಯಬೇಕು ಅನ್ನುವುದು ಯಾವ ನ್ಯಾಯ?

ಕಾನೂನು ಎಲ್ಲಿ ಶುರುವಾಗುತ್ತದೆ

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಂ ಇದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದಿದ್ದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯ ಕಲಂ. ಆದರೆ ಅದು ಕೆಲಸ ಮಾಡುವುದು ಆ ತಪ್ಪಿನಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ. ಅಕ್ಕ ಬುದ್ಧಿವಂತಿಕೆಯಿಂದ ಕೆಲಸ ಬಿಟ್ಟರು, ಸಾಯಲಿಲ್ಲ. ಅತ್ತೆ ಕೂತು ಇಳಿದರು, ಬೀಳಲಿಲ್ಲ. ಈ ಕಲಂಗೆ ಅವರಿಬ್ಬರೂ ಕಾಣಿಸುವುದಿಲ್ಲ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಬಾಗಿಲು ತೆರೆಯಿತು. ನಡೆಯಲು ಯೋಗ್ಯವಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿತು. ಅಂಗವಿಕಲರೂ ಬಳಸುವಂತಿರಬೇಕು, ಒತ್ತುವರಿ ತೆಗೆಯಬೇಕು ಅಂತಲೂ ಹೇಳಿತು. ಈ ದಾರಿ ಸರಿಪಡಿಸಿ ಅಂತ ಬೀದಿಯವರು ಸೇರಿ ಕೊಟ್ಟ ಅರ್ಜಿಯಲ್ಲಿ ಮೊದಲ ಸಾಲೇ ಇದನ್ನು ಬರೆದೆವು.

ಕೇಳಿದ್ದು, ಸಿಕ್ಕಿದ್ದು

ಬೀದಿಯ ಹೆಂಗಸರೇ ಜಾಸ್ತಿ ಸಹಿ ಹಾಕಿದರು. ಮೂರು ವಿಷಯ ಕೇಳಿದ್ದೆವು. ಅಂಡರ್‌ಪಾಸಿನಲ್ಲಿ ದೀಪ ಮತ್ತು ಗೋಡೆಯ ಪಕ್ಕ ಎತ್ತರಿಸಿದ ನಡೆದಾರಿ. ಬಿಟ್ಟುಹೋದ ಕಡೆ ಚಪ್ಪಡಿ ಮತ್ತು ಇಳಿಜಾರು. ಬಿ.ಎಚ್. ರಸ್ತೆಯಲ್ಲಿ ದಾಟಲು ಒಂದು ಸರಿಯಾದ ಜಾಗ.

ಅರ್ಜಿ ಕೊಟ್ಟು ಸುಮಾರು ದಿನ ಏನೂ ಆಗಲಿಲ್ಲ. ಆಮೇಲೆ ಒಬ್ಬ ಯುವ ಎಂಜಿನಿಯರ್ ಸ್ಥಳ ನೋಡಲು ಬಂದರು. ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದಿದ್ದರು. ಅಕ್ಕ ಅವರಿಗೆ ಕಾಫಿ ಕೊಟ್ಟು, "ಸಾರ್, ಒಂದ್ ಸಲ ಸಾಯಂಕಾಲ ಬನ್ನಿ, ನನ್ ಜೊತೆ ನಡ್ಕೊಂಡ್ ಬನ್ನಿ" ಅಂದರು. ಆ ಹುಡುಗ ನಿಜವಾಗಿಯೂ ಬಂದರು. ಅಕ್ಕನ ತರಕಾರಿ ಚೀಲ ತಾವೇ ಹಿಡಿದುಕೊಂಡು ಡಿವೈಡರ್ ಸಂದಿಯಲ್ಲಿ ನಿಂತರು. ಅವರ ಮುಖ ಬದಲಾದದ್ದನ್ನು ನಾನು ನೋಡಿದೆ. ಯಾವ ನಕ್ಷೆಯೂ, ನನ್ನ ಯಾವ ಅಳತೆಯೂ ಅಷ್ಟು ಕೆಲಸ ಮಾಡಿರಲಿಲ್ಲ. ರಸ್ತೆ ಪರಿಶೀಲನೆ ಅಂದರೆ ಸಂಜೆ ಏಳಕ್ಕೆ, ನಡೆದು, ಕೈಯಲ್ಲಿ ಭಾರ ಹಿಡಿದು ಮಾಡಬೇಕು. ಇದನ್ನು ನಿಯಮ ಮಾಡಿದರೂ ತಪ್ಪಿಲ್ಲ.

ಸ್ವಲ್ಪ ದಿನದಲ್ಲಿ ಅಂಡರ್‌ಪಾಸಿಗೆ ದೀಪ ಬಂತು. ಬಿಟ್ಟುಹೋದ ಕಡೆ ಚಪ್ಪಡಿ ಬಂತು. ಎತ್ತರಿಸಿದ ನಡೆದಾರಿ ಮಾತ್ರ ಬಂದಿಲ್ಲ. ಗೋಡೆ ಒಬ್ಬರದು, ರಸ್ತೆ ಒಬ್ಬರದು, ಪಂಪು ಇನ್ನೊಬ್ಬರದು.

ಇಳಿಜಾರು ಮಾಡಿದರು, ಆದರೆ ಅದು ಕಡಿದಾಗಿದೆ. ಇಲ್ಲೂ ಲೆಕ್ಕ ಮುಖ್ಯ. ಗಾಲಿಕುರ್ಚಿ ಹತ್ತಬೇಕಾದರೆ ಒಂದಕ್ಕೆ ಹನ್ನೆರಡರಂತೆ ಇಳಿಜಾರು ಬೇಕು. 15 ಸೆಂಟಿಮೀಟರ್ ಎತ್ತರಕ್ಕೆ 1.8 ಮೀಟರ್ ಉದ್ದ ಸಾಕು. 40 ಸೆಂಟಿಮೀಟರ್ ಎತ್ತರಕ್ಕೆ 4.8 ಮೀಟರ್ ಉದ್ದ ಬೇಕು, ಅಷ್ಟು ಜಾಗ ಆ ತಿರುವಿನಲ್ಲಿ ಇಲ್ಲ. ಅಂದರೆ ಇಳಿಜಾರನ್ನು ಎಷ್ಟು ಸಲ ಒಡೆದು ಕಟ್ಟಿದರೂ ಪ್ರಯೋಜನ ಇಲ್ಲ, ಚಪ್ಪಡಿಯ ಮಟ್ಟವೇ ಕೆಳಗೆ ಬರಬೇಕು. ಅದಕ್ಕೆ ಚರಂಡಿಯನ್ನೇ ಬೇರೆ ಥರ ಕಟ್ಟಬೇಕು. ಮುಂದಿನ ಸಲ ಚರಂಡಿ ಟೆಂಡರ್ ಆಗುವಾಗ ಮೊದಲು ಫುಟ್‌ಪಾತ್ ಮಟ್ಟ ಬರೆದು, ಆಮೇಲೆ ಚರಂಡಿಯ ಆಳ ಬರೆಯಿರಿ ಅಂತ ಬರವಣಿಗೆಯಲ್ಲಿ ಕೊಟ್ಟಿದ್ದೇವೆ. ಖರ್ಚು ಅಷ್ಟೇನೂ ಜಾಸ್ತಿ ಆಗುವುದಿಲ್ಲ. ಗೋಡೆ ಎತ್ತರ ಮಾಡುವ ಬದಲು ತಳ ಸ್ವಲ್ಪ ಅಗಲ ಮಾಡಬೇಕು, ಅಷ್ಟೇ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಇನ್ನೂ ಕಡತದಲ್ಲಿದೆ. ರಸ್ತೆ ಒಂದು ಇಲಾಖೆ, ಸಿಗ್ನಲ್ ಇನ್ನೊಂದು, ದೀಪ ಮತ್ತೊಂದು. ಸಂದಿ ಮುಚ್ಚಿಬಿಡೋಣ, ಅಪಾಯ ತಪ್ಪುತ್ತದೆ ಅನ್ನುವ ಮಾತೂ ಬಂತು. ಅದಕ್ಕೆ ನಾವು ಗಟ್ಟಿಯಾಗಿ ಬೇಡ ಅಂದೆವು. ಮುಚ್ಚಿದರೆ ಜನ ದಾಟುವುದು ನಿಲ್ಲುವುದಿಲ್ಲ. ಡಿವೈಡರ್ ಹತ್ತಿ ಹಾರುತ್ತಾರೆ, ಹಾರಲಾಗದ ಅಕ್ಕನಂಥವರು ಮನೆಯಲ್ಲಿ ಉಳಿಯುತ್ತಾರೆ.

ಸದ್ಯ ಅಕ್ಕ ಹಳಿಯ ಈಚೆಗೇ ಒಂದು ಮನೆ ಹಿಡಿದಿದ್ದಾರೆ. ಅಲ್ಲಿ ಸಂಬಳ ಕಡಿಮೆ. ಆಚೆಯ ಮನೆಯವರು ಒಳ್ಳೆಯವರು, ಅಕ್ಕ ಬರಲಿ ಅಂತ ಇನ್ನೂ ಕೇಳುತ್ತಾರೆ. ಇಬ್ಬರಿಗೂ ಬೇಕಾಗಿದ್ದ ಕೆಲಸ ಅದು.

ಈ ವಾರ ಮತ್ತೆ ಅರ್ಜಿ ಕೊಡುತ್ತಿದ್ದೇವೆ. ಮೂರನೇ ವಿಷಯವನ್ನು ಬಿಡಿಸಿ ಬರೆದಿದ್ದೇವೆ. ಡಿವೈಡರ್ ಮಧ್ಯೆ ಇಬ್ಬರು ನಿಲ್ಲುವಷ್ಟು ಜಾಗ, ಬೈಕು ನುಗ್ಗದಂತೆ ಕಂಬ. ದಾಟುವ ಕಡೆ ರಸ್ತೆಯನ್ನೇ ಸ್ವಲ್ಪ ಎತ್ತರಿಸಿ ಅಗಲವಾದ ಪಟ್ಟೆ. ಅದರ ಮೇಲೇ ಬೀಳುವಂತೆ ಒಂದು ದೀಪ. ಸರ್ಕಲ್ ಸಿಗ್ನಲ್‌ನಲ್ಲಿ ನಡೆಯುವವರ ಸಮಯ ಇನ್ನು 8 ಸೆಕೆಂಡ್ ಜಾಸ್ತಿ. ಜೊತೆಗೆ ಸಂಜೆ ಏಳರಿಂದ ಎಂಟರವರೆಗೆ ಅದೇ ಜಾಗದಲ್ಲಿ ನಿಂತು ತೆಗೆದ ಫೋಟೋಗಳನ್ನು ಇಟ್ಟಿದ್ದೇವೆ. ಆ ಹೊತ್ತಿಗೆ ಬಿ.ಎಚ್. ರಸ್ತೆ ದಾಟುವವರು ಯಾರಾದರೂ ನಮ್ಮ ಜೊತೆ ಸಹಿ ಹಾಕಬಹುದು.